ಭೂತಗನ್ನಡಿಯ ಹಳೇ ಸಾಲುಗಳು

ಕಾಲೇಜಿನ ಲ್ಯಾಬಿನಲ್ಲಿ ಹಗಲೆಲ್ಲ ತಂತಿ, ಮೀಟರು ಜೋಡಿಸಿಡುವ ಈ ಹೆಂಗಸಿಗೆ ಕಂಪ್ಯೂಟರ್ ಮಂದಿ ಇಟ್ಟ ಹೆಸರು ಭೂತಗನ್ನಡಿ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ಒಂದು ಆಪರೇಟಿಂಗ್ ಸಿಸ್ಟಮ್ ಇದೆಯಲ್ಲ, ಅದಕ್ಕೆ ಹೊಸ ನೆಟ್‌ವರ್ಕ್ ಕಾರ್ಡಿನ ಡ್ರೈವರ್, ಅಂದರೆ ಆ ಕಾರ್ಡನ್ನು ನಡೆಸುವ ಪ್ರೋಗ್ರಾಂ, ಬಂದರೆ ಇವಳ ಕಣ್ಣು ದಾಟಿಯೇ ಒಳಗೆ ಹೋಗಬೇಕು. ಸಂಬಳ ಬಿಡಿಗಾಸಿಲ್ಲ, ಜಂಬ ಬೇಕಾದಷ್ಟಿದೆ!

ಈ ಸಲ ಡ್ರೈವರ್ ಬರೆದವನು ಒಬ್ಬ ಗ್ರಂಥಪಾಲಕ. ಅವನ ಗ್ರಂಥಾಲಯಕ್ಕೆ ದಾನ ಬಂದ ಇಪ್ಪತ್ತು ಕಂಪ್ಯೂಟರುಗಳ ಕಾರ್ಡನ್ನು ಈ ಸಿಸ್ಟಮ್ ಗುರುತೇ ಹಿಡಿಯುತ್ತಿರಲಿಲ್ಲ. ಒಪ್ಪಿಗೆಯಾಗದ್ದನ್ನು ಹಾಕಕೂಡದೆಂದು ಅವನ ಮೇಲಧಿಕಾರಿಯ ಕಟ್ಟಪ್ಪಣೆ ಬೇರೆ. ಶನಿವಾರದೊಳಗೆ ಒಪ್ಪಿಗೆ ಸಿಕ್ಕರೆ ಸಿಸ್ಟಮ್ಮಿನ ಹೊಸ ಆವೃತ್ತಿಗೆ ಸೇರುತ್ತದೆ. ಇಲ್ಲವಾದರೆ ಅದರ ಮುಂದಿನ ಆವೃತ್ತಿಗೆ ಮೂರು ತಿಂಗಳು ಕಾಯಬೇಕು, ಅಷ್ಟರಲ್ಲಿ ಇಪ್ಪತ್ತೂ ಗುಜರಿಗೆ ಹೋಗಿರುತ್ತವೆ. ಪರೀಕ್ಷೆಗೆಂದು ಒಂದು ಕಾರ್ಡನ್ನು ಜೋಪಾನವಾಗಿ ಅಂಚೆಯಲ್ಲಿ ಕಳಿಸಿದ್ದ, ಪುಣ್ಯಾತ್ಮ.

ಶುಕ್ರವಾರ ಬೆಳಿಗ್ಗೆ ಅವಳು ಟೈಲರ್ ಗಂಡನನ್ನು ಹಿಡಿದು ಕೂರಿಸಿ ಕೇಬಲ್ ಕೈಗೆ ಕೊಟ್ಟಳು.

“ರೀ, ಕೀಳಿ, ಚುಚ್ಚಿ. ನಾನು ಸಾಕು ಅನ್ನೋವರೆಗೂ.”

“ಪ್ಯಾಂಟ್ ಕೊಡ್ತೀನಿ ಅಂದಿದ್ದೆ ಕಣೇ, ಗಿರಾಕಿ ನನ್ನ ಜೀವ ತಿಂತಾನೆ!”

ನಲವತ್ತೊಂದನೇ ಸಲಕ್ಕೆ ಯಂತ್ರ ಕಲ್ಲಾಗಿ ಕೂತಿತು. ಚುಚ್ಚಿದಾಗಲೆಲ್ಲ ಡ್ರೈವರ್ ಒಂದಿಷ್ಟು ಮೆಮೊರಿ ತೆಗೆದುಕೊಳ್ಳುತ್ತಿತ್ತು, ಕಿತ್ತಾಗ ಹಿಂದಿರುಗಿಸುತ್ತಿರಲಿಲ್ಲ. ಅವಳಿಗೆ ಪಿತ್ತ ನೆತ್ತಿಗೇರಿತು. ಸಾವಿರಾರು ಜನ ಓದುವ ಮೇಲಿಂಗ್ ಲಿಸ್ಟಿನಲ್ಲೇ ಬರೆದಳು: “ತಗೊಂಡಿದ್ದನ್ನ ವಾಪಸ್ ಕೊಡಬೇಕು ಅನ್ನೋ ಅ ಆ ಇ ಈನೂ ಗೊತ್ತಿಲ್ಲದೆ ಡ್ರೈವರ್ ಬರೆಯೋಕೆ ಹೊರಟ್ರಾ?”

ಉತ್ತರ ಲಿಸ್ಟಿಗೆ ಬರಲಿಲ್ಲ, ಅವಳೊಬ್ಬಳಿಗೇ ಬಂತು.

“ಮೇಡಂ, ತಪ್ಪು ತಿಳ್ಕೋಬೇಡಿ. ಮೆಮೊರಿ ತಗೊಳ್ಳೋ ಆ ಹನ್ನೆರಡು ಸಾಲು ನಿಮ್ಮ ಹಳೇ ಡ್ರೈವರಿಂದ ತಗೊಂಡಿದ್ದು. ಅದನ್ನ ಓದಿಯೇ ನಾನು ಕಲಿತಿದ್ದು. ಎಲ್ಲರ ಮುಂದೆ ಹೇಳೋದು ಬೇಡ ಅನ್ನಿಸ್ತು. ತಿದ್ದಿ ಕಳಿಸ್ತೀನಿ.”

ತೆಗೆದು ನೋಡಿದಳು. ಅಯ್ಯೋ ದೇವರೇ, ಅಕ್ಷರಕ್ಕಕ್ಷರ ತನ್ನದೇ! ಒಂಬತ್ತು ವರ್ಷದಿಂದ ಯಾರ ಕಣ್ಣಿಗೂ ಬೀಳದೆ ಕೂತಿದ್ದ ತಪ್ಪು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ಗಂಡ ನಕ್ಕುಬಿಟ್ಟ. “ಊರಿಗೆಲ್ಲ ಶಕುನ ಹೇಳೋ ಹಲ್ಲಿ ಕಲಗಚ್ಚಿಗೆ ಬಿತ್ತಂತೆ! ಹೋಗ್ಲಿ ಬಿಡೇ, ಅವನೇನೂ ಬಾಯಿ ಬಿಡಲ್ಲ. ನೀನೂ ಸದ್ದಿಲ್ಲದೆ ತಿದ್ದಿಬಿಡು.”

ಒಂದು ಗಳಿಗೆ ಅವಳಿಗೂ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಬೇಕು. ಆಮೇಲೆ ತಲೆ ಕೊಡವಿದಳು. “ಬೈದಿದ್ದು ಊರ ಮುಂದೆ, ಕ್ಷಮೆ ಕೇಳೋದು ಮೂಲೇಲಾ? ಥೂ!”

ಲಿಸ್ಟಿನಲ್ಲಿ ಬರೆದಳು: “ಆ ಸಾಲುಗಳು ನನ್ನವು. ನನ್ನ ಮಾನ ಉಳಿಸೋಕೆ ಇವರು ಬೈಸಿಕೊಂಡು ಸುಮ್ಮನಿದ್ದರು. ಕ್ಷಮಿಸಿ. ನನ್ನ ಹಳೇ ಡ್ರೈವರನ್ನೂ ತಿದ್ದಿದ್ದೇನೆ, ಅದನ್ನು ಇವರೇ ಪರಿಶೀಲಿಸಲಿ.”

ಶನಿವಾರ ತಿದ್ದಿದ ಡ್ರೈವರ್ ಬಂತು. ಗಂಡ ಕರೆಯದೆಯೇ ಬಂದು ಕೂತ. ನಲವತ್ತೊಂದು ದಾಟಿತು, ನೂರೂ ಆಯಿತು, ಯಂತ್ರ ಒಮ್ಮೆಯೂ ನಿಲ್ಲಲಿಲ್ಲ. ಅವಳು ಒಪ್ಪಿಗೆ ಬರೆದು ಕಣ್ಣೊರೆಸಿಕೊಂಡಳು.

ಮುಂದಿನ ವಾರ ಹೊಸ ಆವೃತ್ತಿ ಹೊರಬಿದ್ದ ಮೇಲೆ ಗ್ರಂಥಪಾಲಕನ ಉತ್ತರ ಬಂತು, ಈ ಸಲ ಎಲ್ಲರೆದುರಿಗೇ.

“ಇಪ್ಪತ್ತೂ ಎದ್ದು ಕೂತವು, ಮೇಡಂ! ಆದ್ರೆ ನಿಮ್ಮ ತಿದ್ದುಪಡೀಲಿ ಆರನೇ ಸಾಲು ಇನ್ನೊಂದ್ಸಲ ನೋಡಿ. ಅಲ್ಲೂ ಒಂದು ತಪ್ಪಿದೆ.”