ಕ್ಲಾಂಪಿನ ಸುತ್ತ ಕಿಕ್ಕಿರಿದ ತ್ರಿಕೋನಗಳು

ನಮ್ಮಕ್ಕನಿಗೆ ಆಫೀಸಿನಲ್ಲಿ ‘ತ್ರಿಕೋನಮ್ಮ’ ಅಂತಲೇ ಹೆಸರು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು. ಈಗ ಎದುರಿಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ.

ಬಂದರಿನ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಅಪ್ಪ ದೋಣಿ ಕಟ್ಟುವವರು. ಅಕ್ಕ ಗಣಿತದ ಬೆನ್ನು ಹತ್ತಿದಾಗ ಅಮ್ಮ ಗೊಣಗಿದರೂ ಅಪ್ಪ, “ಓದ್ಲಿ ಬಿಡೇ, ಅವಳ ತಲೆ ಅವಳದು” ಅಂದುಬಿಟ್ಟರು. ಓದು ಮುಗಿಸಿ ಅವಳು ರಾಡಾರ್ ಸಲಕರಣೆಗಳನ್ನು ಪರೀಕ್ಷಿಸುವ ಪ್ರಯೋಗಾಲಯ ಸೇರಿದಳು. ರೇಡಿಯೋ ಅಲೆ ಲೋಹಕ್ಕೆ ಬಡಿದರೆ ಯಾವ ಕಡೆಗೆ ಎಷ್ಟು ಚದುರುತ್ತದೆ ಎಂದು ಲೆಕ್ಕ ಹಾಕುವುದು ಅವಳ ಕೆಲಸ.

ಒಂದು ದಿನ ದಟ್ಟ ಮಂಜಿನಲ್ಲಿ ನಮ್ಮ ಸೋದರಮಾವನ ಮೀನುದೋಣಿಗೆ ಹಡಗೊಂದು ತಾಗಿತು. ಮಾವ ಬದುಕಿಕೊಂಡರು, ಕೈ ಮುರಿಯಿತು. ರಾಡಾರಿಗೆ ಕಾಣಲೆಂದೇ ದೋಣಿಯ ಕಂಬಕ್ಕೆ ಲೋಹದ ತಗಡುಗಳನ್ನು ಜೋಡಿಸಿದ ಪ್ರತಿಫಲಕ ಕಟ್ಟಿದ್ದರು. ಆದರೂ ಹಡಗಿನವರು, “ನಮ್ಮ ರಾಡಾರ್ ತೆರೆ ಮೇಲೆ ಏನೂ ಇರಲಿಲ್ಲ” ಎಂದರು.

“ಹಾಗಾದ್ರೆ ಅದನ್ನ ಅಂದಕ್ಕೆ ಕಟ್ಕೊಂಡಿದ್ನೇನೇ?” ಎಂದು ಮಾವ ಆಸ್ಪತ್ರೆಯ ಹಾಸಿಗೆಯಿಂದಲೇ ಅಕ್ಕನನ್ನು ಕೇಳಿದರು. ಮರುದಿನ ಅವಳು ಅಂಥದ್ದೇ ಪ್ರತಿಫಲಕವನ್ನು ಕಂಬದ ತುಂಡಿನ ಸಮೇತ ಹೊತ್ತುಕೊಂಡು ಪ್ರಯೋಗಾಲಯಕ್ಕೆ ಹೋದಳು.

ಈ ಲೆಕ್ಕಕ್ಕೆ ವಸ್ತುವಿನ ಸುತ್ತಲಿನ ಜಾಗವನ್ನೆಲ್ಲ ಚಿಕ್ಕ ಚಿಕ್ಕ ತುಂಡುಗಳಾಗಿ ಒಡೆಯಬೇಕು. ಕಂಪ್ಯೂಟರ್ ತೆರೆಯ ಮೇಲೆ ಅದು ತ್ರಿಕೋನಗಳ ಬಲೆಯಂತೆ ಕಾಣುತ್ತದೆ. ಎಲ್ಲೆಡೆ ಸಣ್ಣಗೆ ಒಡೆದರೆ ಕಂಪ್ಯೂಟರ್ ಕೈಚೆಲ್ಲುತ್ತದೆ. ದಪ್ಪಗೆ ಬಿಟ್ಟರೆ ಉತ್ತರ ಕೆಡುತ್ತದೆ. ಅಕ್ಕ ಬರೆದ ಪ್ರೋಗ್ರಾಮು ಮೊದಲು ಒರಟಾಗಿ ಲೆಕ್ಕ ಹಾಕುತ್ತದೆ. ಹಡಗಿಗೆ ಮರಳುವ ಅಲೆಯ ಉತ್ತರವನ್ನು ಯಾವ ತುಂಡುಗಳು ಕೆಡಿಸುತ್ತಿವೆ ಎಂದು ಹುಡುಕಿ, ಅವನ್ನಷ್ಟೇ ಒಡೆದು, ಮತ್ತೆ ಲೆಕ್ಕಕ್ಕೆ ಕೂರುತ್ತದೆ.

ಈ ಸಲ ತ್ರಿಕೋನಗಳು ತಗಡುಗಳನ್ನು ಬಿಟ್ಟು, ಅವನ್ನು ಕಂಬಕ್ಕೆ ಬಿಗಿದ ಕಬ್ಬಿಣದ ಕ್ಲಾಂಪಿನ ಸುತ್ತ ಕಿಕ್ಕಿರಿದವು. ಒಂದು ದಿಕ್ಕಿನಿಂದ ಅಲೆ ಬಂದಾಗ, ಕ್ಲಾಂಪಿನಿಂದ ಚದುರಿದ್ದೂ ತಗಡಿನಿಂದ ಮರಳಿದ್ದೂ ಒಂದನ್ನೊಂದು ನುಂಗಿಹಾಕುತ್ತಿದ್ದವು, ಹಡಗಿಗೆ ಹೆಚ್ಚೇನೂ ಮರಳುತ್ತಿರಲಿಲ್ಲ.

ಪ್ರಯೋಗಾಲಯದ ಮುಖ್ಯಸ್ಥರು ಹುಬ್ಬೇರಿಸಿದರು. “ಅಷ್ಟು ಚಿಕ್ಕ ಕ್ಲಾಂಪಾ? ನಿಮ್ಮ ಪ್ರೋಗ್ರಾಮಲ್ಲೇ ಏನೋ ಎಡವಟ್ಟಾಗಿದೆ ನೋಡಿ.”

“ನನಗೂ ಹಾಗೇ ಅನ್ನಿಸ್ತು ಸರ್. ಅದಕ್ಕೇ ಪ್ರೋಗ್ರಾಮನ್ನ ಒಂದು ಲೋಹದ ಗುಂಡಿನ ಲೆಕ್ಕಕ್ಕೆ ಓಡಿಸಿ ನೋಡಿದೆ. ಅದರ ಉತ್ತರ ಸೂತ್ರದಿಂದ್ಲೇ ಗೊತ್ತಲ್ಲ. ಸರಿಯಾಗೇ ಬಂತು. ಈಗ ಇದನ್ನೂ ಅಳೆದು ನೋಡೋಣ್ವಾ?”

ಗೋಡೆ ತುಂಬ ಅಲೆ ಹೀರುವ ಸ್ಪಂಜಿನ ಮೊನೆಗಳಿರುವ ಕೋಣೆಯಲ್ಲಿ ಪ್ರತಿಫಲಕವನ್ನು ನಿಧಾನವಾಗಿ ತಿರುಗಿಸಿದರು. ಅಕ್ಕ ಹೇಳಿದ ದಿಕ್ಕಿಗೆ ಬಂದೊಡನೆ, ಮರಳುವ ಅಲೆಯ ಬಲ ತೋರಿಸುವ ಗೆರೆ ದೊಪ್ಪನೆ ಕೆಳಗೆ ಬಿತ್ತು. ಕಬ್ಬಿಣದ ಕ್ಲಾಂಪು ತೆಗೆದು ಪ್ಲಾಸ್ಟಿಕ್ಕಿನದು ಹಾಕಿದಾಗ ಗೆರೆಯ ಆ ತಗ್ಗು ಮುಚ್ಚಿಹೋಯಿತು.

ಮುಖ್ಯಸ್ಥರು ಪಕ್ಕದ ಕೋಣೆಯವರನ್ನೆಲ್ಲ ಕೂಗಿ ಕರೆದರು. “ಬನ್ರೋ ಎಲ್ಲಾ, ನಮ್ಮವರು ಏನು ಹಿಡಿದಿದ್ದಾರೆ ನೋಡಿ!”

ಸಮುದ್ರದ ಪರೀಕ್ಷೆಗೆ ಮಾವ, ರಿಪೇರಿಯಾಗಿದ್ದ ತಮ್ಮ ದೋಣಿಯನ್ನೇ ಕೊಟ್ಟರು; ಕಂಬದ ಪ್ರತಿಫಲಕಕ್ಕೆ ಈಗ ಪ್ಲಾಸ್ಟಿಕ್ ಕ್ಲಾಂಪು. ಅಕ್ಕನ ಜೊತೆ ಪಟ್ಟಿ ಕಟ್ಟಿದ ಕೈಯಲ್ಲೇ ಅವರೂ ಹತ್ತಿದರು, ನಾನೂ ಹತ್ತಿದೆ. ದೂರದಲ್ಲಿದ್ದ ಹಡಗಿನ ಎದುರು ದೋಣಿಯನ್ನು ನಿಂತಲ್ಲೇ ಒಂದು ಸುತ್ತು ತಿರುಗಿಸಿದೆವು. ರೇಡಿಯೋದಲ್ಲಿ ಹಡಗಿನ ಅಧಿಕಾರಿಯ ದನಿ ಬಂತು: “ಕಾಣ್ತಿದೀರಿ. ಎಲ್ಲಾ ಕಡೆಯಿಂದ್ಲೂ ಚೆನ್ನಾಗಿ ಕಾಣ್ತಿದೀರಿ.”

ಮಾವ ರೇಡಿಯೋ ಕಿತ್ತುಕೊಂಡರು. “ಕಾಣದೆ ಇನ್ನೇನು ಸ್ವಾಮಿ! ನಮ್ಮಕ್ಕನ ಮಗಳು ಹಾಕಿರೋ ಲೆಕ್ಕ ಅದು!”

ಆ ಹೊತ್ತಿಗೆ ಲೆಕ್ಕ ಹಾಕಿದವಳು ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡುತ್ತಿದ್ದಳು. ದೋಣಿ ಕಟ್ಟುವವರ ಮಗಳಾಗಿಯೂ ಅವಳಿಗೆ ಸಮುದ್ರ ಒಗ್ಗುವುದಿಲ್ಲ. ನಾನು ಬೆನ್ನು ನೀವುತ್ತಿದ್ದೆ. ಮುಖ ಒರೆಸಿಕೊಳ್ಳುತ್ತ ಕೇಳಿದಳು, “ಎಲ್ಲಾ ಕಡೆಯಿಂದ್ಲೂ ಅಂದ್ರಾ?”

“ಹೂಂ ಕಣಕ್ಕಾ, ಎಲ್ಲಾ ಕಡೆಯಿಂದ್ಲೂ” ಎಂದೆ.