ನಿಂಗಮ್ಮನವರ ಅಂಗಳದ ಕಳೆ

ಕೋವಿಡ್ ಮುಗಿದ ಮರುವರ್ಷದ ಮಳೆಗಾಲ. ಸರ್ಕಾರಿ ತೋಟಗಾರಿಕೆ ಕೆಲಸದಿಂದ ನಿವೃತ್ತನಾಗಿ ಎಂಟು ತಿಂಗಳಾಗಿತ್ತು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಮಲ್ಲತ್ತಹಳ್ಳಿಯಿಂದ ಸ್ಕೂಟರ್ ಏರಿ, ಕರೆದವರ ಮನೆಗೆ ಹೋಗಿ ಕೈತೋಟ ನೋಡಿಕೊಡುತ್ತಿದ್ದೆ. ಹಾಗೆ ಒಂದು ದಿನ ಚಂದ್ರಾ ಲೇಔಟ್‌ನಿಂದ ಮಂಜುನಾಥ ಎಂಬುವವರ ಫೋನ್ ಬಂತು.

"ಸಾರ್, ನಮ್ಮ ಅಂಗಳದ ತುಂಬಾ ಡ್ಯಾಂಡೆಲಿಯನ್ ಬಂದ್ಬಿಟ್ಟಿದೆ. ಫೋನಲ್ಲಿ ಫೋಟೋ ಹಾಕಿ ನೋಡ್ದೆ, ಅದೇ ಅಂತು."

ನನಗೆ ಕುತೂಹಲ ತಡೆಯಲಾಗಲಿಲ್ಲ. ಡ್ಯಾಂಡೆಲಿಯನ್ ಚಳಿ ದೇಶದ ಕಳೆ. ಅದು ಚಂದ್ರಾ ಲೇಔಟ್‌ಗೆ ಯಾವ ಬಸ್ಸು ಹಿಡಿದು ಬಂತು? ಮರುದಿನವೇ ಹೋದೆ.

ಹನ್ನೆರಡು ಅಡಿಗೆ ಹದಿನೆಂಟು ಅಡಿ ಅಂಗಳ. ಹಳದಿ ನಡುವಿನ ಪುಟ್ಟ ಹೂವು, ಊದಿದರೆ ಹಾರುವ ಬಿಳಿ ಕುಚ್ಚು. ಫೋನ್ ಮೋಸ ಹೋದದ್ದು ತಪ್ಪಲ್ಲ. ಆದರೆ ಡ್ಯಾಂಡೆಲಿಯನ್ ದಂಟು ಮುರಿದರೆ ಹಾಲು ಸುರಿಯುತ್ತದೆ, ಇಲ್ಲಿ ಸುರಿಯಲಿಲ್ಲ. ಎಲೆ ಒರಟು, ಕಾಂಡ ನೆಲದ ಮೇಲೆ ಹರಿದು ಗೆಣ್ಣುಗೆಣ್ಣಿಗೂ ಬೇರು ಬಿಟ್ಟಿತ್ತು. ಇದು ಟ್ರೈಡಾಕ್ಸ್. ರಸ್ತೆ ಬದಿ, ಖಾಲಿ ಸೈಟು, ಎಲ್ಲಿ ಬೇಕಾದರೂ ಸಿಗುವ ಗಿಡ. ನಾನು ಲ್ಯಾಟಿನ್ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಮಂಜುನಾಥರ ತಾಯಿ ನಿಂಗಮ್ಮ ಬಾಗಿಲಲ್ಲಿ ನಿಂತು ನಕ್ಕರು.

"ಗಾಯಕ್ಕೆ ಹಿಂಡೋ ಸೊಪ್ಪಲ್ವಾ ಸಾರ್ ಅದು? ಇದಕ್ಕೆ ಇಷ್ಟೊಂದು ಇಂಗ್ಲಿಷ್ ಬೇಕಾ?"

ಮಂಜುನಾಥರಿಗೆ ನಗು ಬರಲಿಲ್ಲ. ಮಾರೇನಹಳ್ಳಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ನಡೆಸುವ ಅವರಿಗೆ ಮೂರು ವರ್ಷದ ಮಗಳಿದ್ದಳು. "ಮಗು ಆಡೋ ಜಾಗ. ಹಾವು ಗೀವು ಬಂದ್ರೆ ಕಾಣ್ಸೋದೂ ಇಲ್ಲ. ಗೌರಿ ಹಬ್ಬದೊಳಗೆ ಕ್ಲೀನ್ ಆಗ್ಲಿಲ್ಲ ಅಂದ್ರೆ ಪೂರ್ತಿ ಟೈಲ್ಸ್ ಹಾಕಿಸ್ಬಿಡ್ತೀನಿ," ಎಂದರು.

ನಿಂಗಮ್ಮನವರ ಮುಖ ಇಳಿಯಿತು. ಮಗ ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದರು: "ಇಲ್ಲಿಂದ ಆ ಮೇನ್ ರೋಡ್‌ವರೆಗೂ ನಮ್ಮ ಮಾವನೋರ ರಾಗಿ ಹೊಲ ಸಾರ್. ಲೇಔಟ್ ಆಯ್ತು, ಎಲ್ಲಾ ಹೋಯ್ತು. ಉಳಿದಿರೋ ಮಣ್ಣು ಇಷ್ಟೇ. ಇದನ್ನೂ ಮುಚ್ಬಿಟ್ರೆ ನಾನು ಕಾಲು ಎಲ್ಲಿಡ್ಲಿ?"

ಅವತ್ತೇ ಆಳು ಕರೆಸಿ, ಗೆಣ್ಣಿನ ತುಂಡೂ ಬಿಡದಂತೆ ಕೀಳಿಸಿದೆ. ಒಂದೂವರೆ ಗೋಣಿಚೀಲ ಆಯಿತು. ಮೂರು ವಾರಕ್ಕೆ ಮತ್ತೆ ಫೋನ್. ಹೋಗಿ ನೋಡಿದರೆ ಹಸಿರೋ ಹಸಿರು. ತುಂಡು ಉಳಿದಿರಬೇಕೆಂದು ಮತ್ತೊಮ್ಮೆ ಕೀಳಿಸಿದೆ. ಮತ್ತೆ ಬಂತು. ಹಬ್ಬಕ್ಕೆ ಇಪ್ಪತ್ತು ದಿನ ಇರುವಾಗ ಟೈಲ್ಸ್‌ನವನು ಬಂದು ಟೇಪು ಹಿಡಿದು ಅಳತೆಯನ್ನೂ ತೆಗೆದುಕೊಂಡು ಹೋದ. ಮೂವತ್ತನಾಲ್ಕು ವರ್ಷ ಸರ್ವೀಸು ಮಾಡಿದವನಿಗೆ ಒಂದು ಬೀದಿ ಬದಿಯ ಗಿಡ ನೀರು ಕುಡಿಸುತ್ತಿತ್ತು. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಯಿತು.

ಮೂರನೆಯ ಸಲ ಕೀಳಿಸಲಿಲ್ಲ. ಕೂತು ಎಣಿಸಿದೆ. ಮೊಳಕೆಗಳು ತುಂಡಿನಿಂದ ಬಂದವಲ್ಲ, ಎಲ್ಲವೂ ಬೀಜದವು. ಪಕ್ಕದ ಖಾಲಿ ಸೈಟಿನ ತುಂಬ ಅದೇ ಗಿಡ ಹೂಬಿಟ್ಟಿತ್ತು, ಆದ್ದರಿಂದ ಬೀಜ ಎಲ್ಲಿಂದ ಎಂಬ ಪ್ರಶ್ನೆ ಇರಲಿಲ್ಲ. ಆದರೆ ಗಾಳಿಯಲ್ಲಿ ಬಂದ ಬೀಜ ಅಂಗಳದ ಎಲ್ಲೆಡೆ ಬೀಳಬೇಕಲ್ಲವೇ? ಗೇಟಿನ ಬಳಿ ಒಂದು ಚದರಡಿಯಲ್ಲಿ ಮೂರು ಸಸಿ, ದಾಸವಾಳದ ಮೂಲೆಯಲ್ಲಿ ಅಷ್ಟೇ ಜಾಗದಲ್ಲಿ ಅರವತ್ತೊಂದು. ಗಾಳಿಗೇನು ಆ ಮೂಲೆಯ ಮೇಲೆ ಅಷ್ಟೊಂದು ಪ್ರೀತಿ?

ತಲೆ ಕೆರೆದುಕೊಳ್ಳುತ್ತ ಸಂಜೆಯಾದದ್ದೇ ತಿಳಿಯಲಿಲ್ಲ. ನಿಂಗಮ್ಮ ಕಾಫಿ ಕೊಟ್ಟು, ದೀಪ ಹಚ್ಚುವ ಹೊತ್ತಾಯಿತೆಂದು ಕಡ್ಡಿಪೊರಕೆ ಹಿಡಿದು ಬಂದರು. ಗೇಟಿನ ಆಚೆಯ ಕಲ್ಲುಚಪ್ಪಡಿಯಿಂದ ಶುರುಮಾಡಿ ಒಳಮುಖವಾಗಿ ಗುಡಿಸುತ್ತ ಬಂದು, ಕಸವನ್ನು ದಾಸವಾಳದ ಮೂಲೆಯಲ್ಲಿ ಗುಡ್ಡೆ ಮಾಡಿದರು.

ನಾನು ಲೋಟ ಕೆಳಗಿಟ್ಟೆ. "ಆಚೆಗೆ ಯಾಕೆ ಹಾಕಲ್ಲ ಅಮ್ಮ?"

"ಸಂಜೆ ಹೊತ್ತು ಕಸ ಆಚೆ ಹಾಕ್ತಾರಾ ಸಾರ್? ಲಕ್ಷ್ಮಿ ಹೋಗ್ಬಿಡ್ತಾಳೆ. ಬೆಳಗ್ಗೆ ಗಾಡಿ ಬಂದಾಗ ಎತ್ತಿ ಹಾಕ್ತೀನಿ."

ಆ ಗುಡ್ಡೆಯಿಂದ ಒಂದು ಹಿಡಿ ತೆಗೆದು ಬಿಳಿ ಕಾಗದದ ಮೇಲೆ ಹರಡಿದೆ. ದೂಳು, ಒಣ ಎಲೆ, ನಡುವೆ ಕುಚ್ಚು ಕಟ್ಟಿದ ಸಣ್ಣ ಕರಿ ಬೀಜಗಳು, ಇಪ್ಪತ್ತಕ್ಕೂ ಮೇಲೆ. ಖಾಲಿ ಸೈಟಿನಿಂದ ಹಾರಿ ಚಪ್ಪಡಿಯ ಮೇಲೆ ಬಿದ್ದದ್ದನ್ನು ಪೊರಕೆ ಮೂಲೆಗೆ ತರುತ್ತಿತ್ತು. ಬೆಳಗ್ಗೆ ಎಲೆಯೆಲ್ಲ ಗಾಡಿಗೆ ಹೋದರೂ ಬೀಜ ಮಣ್ಣಲ್ಲೇ ಉಳಿಯುತ್ತಿತ್ತು. ಮೇಲಿಂದ ನಿಂಗಮ್ಮ ದಿನವೂ ದೂಳಡಗಲು ನೀರು ಚಿಮುಕಿಸುತ್ತಿದ್ದರು. ನಾನು ನರ್ಸರಿಯಲ್ಲಿ ಸಸಿಮಡಿ ಮಾಡುತ್ತಿದ್ದದ್ದೂ ಹೀಗೆಯೇ.

ಮಣ್ಣು ಉಳಿಯಲೆಂದು ಹಂಬಲಿಸುವ ಹೆಂಗಸಿಗೆ, ಅದನ್ನು ಕಳೆಯುತ್ತಿರುವುದು ನಿಮ್ಮದೇ ಕೈ ಎಂದು ಹೇಗೆ ಹೇಳುವುದು? ಕಾಗದವನ್ನೇ ಅವರ ಮುಂದೆ ಹಿಡಿದೆ. ರಾಗಿ ಬೆಳೆದ ಕಣ್ಣು, ವಿವರಣೆ ಬೇಕಾಗಲಿಲ್ಲ. ಒಂದು ಬೀಜವನ್ನು ಬೆರಳ ತುದಿಯಲ್ಲೆತ್ತಿ ನೋಡಿದರು.

"ಅಯ್ಯೋ, ದಿನಾ ನಾನೇ ಬಿತ್ತುತಾ ಇದೀನಲ್ಲ ಸಾರ್," ಎಂದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿ ನಗತೊಡಗಿದರು. ಕಣ್ಣಲ್ಲಿ ನೀರೂ ಇತ್ತು. "ಹೊಲ ಹೋಗಿ ಎಷ್ಟು ವರ್ಷ ಆಯ್ತು. ಬಿತ್ತೋದು ಮಾತ್ರ ಈ ಕೈ ಬಿಟ್ಟೇ ಇಲ್ಲ ನೋಡಿ."

ಪದ್ಧತಿ ಬಿಡಿ ಎಂದು ನಾನು ಹೇಳಲಿಲ್ಲ. ಸಂಜೆಯ ಕಸ ಗೇಟಿನೊಳಗೇ ಇರಲಿ, ಮುಚ್ಚಳವಿರುವ ಬಕೆಟ್ಟಿನಲ್ಲಿರಲಿ ಎಂದೆ. ಮೂಲೆಯ ಮೇಲ್ಮಣ್ಣು ಎರಡು ಇಂಚು ಕೆರೆದು ತೆಗೆಸಿದೆ. ಹದಿನೈದು ದಿನ ಕಳೆಯಿತು. ಗೌರಿ ಹಬ್ಬದ ಹಿಂದಿನ ದಿನ ಮಂಜುನಾಥರ ಎದುರಿಗೇ ಎಣಿಸಿದೆ: ಅದೇ ಚದರಡಿಯಲ್ಲಿ ನಾಲ್ಕು ಸಸಿ. ಅವರು ಅಲ್ಲೇ ಫೋನ್ ತೆಗೆದು ಟೈಲ್ಸ್‌ನವನಿಗೆ, "ಈಗ ಬೇಡ ಗುರು, ಅಮ್ಮ ಏನೋ ಹಾಕ್ತಾರಂತೆ," ಎಂದರು.

ಏನು ಹಾಕಿದರೆಂದು ನೋಡಲು ದೀಪಾವಳಿಗೆ ಮುಂಚೆ ಹೋಗಿದ್ದೆ. ದಾಸವಾಳದ ಮೂಲೆಯಲ್ಲಿ ಮೊಣಕಾಲೆತ್ತರದ ರಾಗಿ ಪೈರು, ಅದರ ನಡುವೆ ಮೊಮ್ಮಗಳು.

ಕಳೆ ಕೀಳುವುದನ್ನು ನನ್ನ ಕೆಲಸ ನನಗೆ ಮೊದಲ ವರ್ಷವೇ ಕಲಿಸಿತ್ತು. ಅದನ್ನು ಬಿತ್ತುವವರು ಯಾರೆಂದು ನೋಡುವುದನ್ನು ಕಲಿತದ್ದು ನಿವೃತ್ತಿಯ ಮೇಲೆ. ಈಗ ಯಾರ ಮನೆಗೆ ಹೋದರೂ, ಗಿಡ ಮುಟ್ಟುವ ಮೊದಲು, ಸಂಜೆ ಹೊತ್ತು ಹೇಗೆ ಗುಡಿಸುತ್ತೀರಿ ಎಂದು ಕೇಳುತ್ತೇನೆ. ಮುದುಕನಿಗೆ ತಲೆ ಕೆಟ್ಟಿದೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ಆದರೂ ಪೊರಕೆ ತಂದು ತೋರಿಸುತ್ತಾರೆ.