ಕೊನೆಯ ಮನೆಗೆ ತೀರ್ಥೋದ್ಭವ

ಕುಶಾಲಪ್ಪನಿಗೆ ಕಣ್ಣು ಬಿಟ್ಟುಕೊಂಡೇ ಕನಸು ಕಾಣುವ ಚಾಳಿ. ಕಾಫಿ ತೋಟಗಳ ನಡುವೆ ಕೇಬಲ್ ಎಳೆದು ಊರಿಗೆಲ್ಲ ಟೀವಿ ತೋರಿಸುತ್ತಿದ್ದ ಕಾಲದಲ್ಲೂ ಅಷ್ಟೇ. ತಂತಿ ಕಟ್ಟಲು ಮರ ಹತ್ತಿದವನು, ಅದರೊಳಗೆ ಈಗ ಎಷ್ಟು ಜನ ಹಾಡುತ್ತ ಕುಣಿಯುತ್ತ ಹೋಗುತ್ತಿರಬಹುದೆಂದು ಯೋಚಿಸುತ್ತ ಕೊಂಬೆಯ ಮೇಲೇ ಕೂತುಬಿಡುತ್ತಿದ್ದ. ಹೆಂಡತಿ ಪ್ರೇಮಾವತಿ ಬಂದು ಬೈದರೆ ಮಾತ್ರ ಇಳಿಯುತ್ತಿದ್ದ. ಆಮೇಲೆ ಡಿಶ್ ಬಂತು, ಕೇಬಲ್ ನೆಲಕಚ್ಚಿತು. ಹೆಸರು ಮಾತ್ರ ಕೇಬಲ್ ಕುಶಾಲಪ್ಪ ಎಂದೇ ಉಳಿಯಿತು.

ಭಾಗಮಂಡಲದ ಈಚೆಗಿನ ಆ ಇಳಿಜಾರಿನಲ್ಲಿ ಮನೆಗಳು ಗುಡ್ಡದ ನೆತ್ತಿಯಿಂದ ಗದ್ದೆಯವರೆಗೆ ಒಂದರ ಕೆಳಗೊಂದು ಇಳಿದುಹೋಗುತ್ತವೆ. ಮೊಬೈಲಿಗೆ ಟವರ್ ಸಿಗುವುದು ನೆತ್ತಿಯ ಮೇಲಿನ ಕುಶಾಲಪ್ಪನ ಮನೆಯಲ್ಲಿ ಮಾತ್ರ. ಜಿಲ್ಲೆಯ ಸುದ್ದಿ ತೋರಿಸುವ ಚಾನೆಲ್ಲೊಂದಿದೆ; ಅದು ಡಿಶ್ಶಿನಲ್ಲಿ ಬರುವುದಿಲ್ಲ, ಫೋನಿನಲ್ಲೇ ನೋಡಬೇಕು. ಕೆಳಗಿನವರಿಗೂ ಅದನ್ನು ತಲುಪಿಸುವ ಉಪಾಯ ಹೇಳಿಕೊಟ್ಟವಳು ಮಡಿಕೇರಿಯ ಮೊಬೈಲ್ ರಿಪೇರಿ ಅಂಗಡಿಯ ಚಿತ್ರಾ. ಮನೆಮನೆಯ ನಡುವೆ ಮರಕ್ಕೊಂದು ಸಣ್ಣ ವೈಫೈ ಡಬ್ಬಿ, ಎಲ್ಲರ ಫೋನಿನಲ್ಲೂ ಒಂದೇ ಆಪ್.

"ಇದ್ರಲ್ಲಿ ನೋಡುವವರೇ ಕೊಡುವವರು ಅಂಕಲ್," ಎಂದಿದ್ದಳು ಅವಳು. "ನಿಮ್ಮ ಫೋನಿಗೆ ಬಂದ ವೀಡಿಯೋ ತುಂಡುತುಂಡಾಗಿ ಕೆಳಗಿನ ಮನೆಯ ಫೋನಿಗೆ ಹೋಗ್ತದೆ, ಅಲ್ಲಿಂದ ಅದ್ರ ಕೆಳಗಿನದಕ್ಕೆ. ಒಂದೊಂದು ಮನೆ ದಾಟುವಾಗ ಸ್ವಲ್ಪ ಲೇಟಾಗ್ತದೆ, ಅಷ್ಟೇ."

ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಬಿಟ್ಟ ಹಾಗೆ ಎಂದು ಕುಶಾಲಪ್ಪ ಅರ್ಥ ಮಾಡಿಕೊಂಡ. ಅಂದಿನಿಂದ ಅವನ ಕನಸಿಗೆ ಹೊಸ ದಾರಿ ಸಿಕ್ಕಿತು. ಸಂಜೆ ಜಗಲಿಯಲ್ಲಿ ಕೂತರೆ, ಸುದ್ದಿ ಓದುವ ಹುಡುಗಿ ಮೆಣಸಿನ ಬಳ್ಳಿಗಳ ನಡುವೆ ಸೀರೆಯ ನೆರಿಗೆ ಎತ್ತಿಕೊಂಡು ಮನೆಯಿಂದ ಮನೆಗೆ ಇಳಿದು ಹೋಗುವುದು ಅವನಿಗೆ ಕಾಣುತ್ತಿತ್ತು.

ಇಷ್ಟೆಲ್ಲ ಅವನು ಮಾಡಿದ್ದು ಕಟ್ಟಕಡೆಯ ಮನೆಯ ಸೋಮಿಗಾಗಿ. ತುಲಾ ಸಂಕ್ರಮಣದಂದು ತಲಕಾವೇರಿಯ ಕುಂಡಿಕೆಯೆಂಬ ಪುಟ್ಟ ಕೊಳದಲ್ಲಿ ತೀರ್ಥ ಉಕ್ಕುವಾಗ ಈ ಸೋಮಿ ಒಂದು ವರ್ಷವೂ ತಪ್ಪದೆ ಅಲ್ಲಿರುತ್ತಿದ್ದಳು. ಕ್ಯಾನು ತುಂಬಿಸಿಕೊಂಡು ಬಂದು, ಗುಡ್ಡ ಹತ್ತಿ, ಮನೆಮನೆಗೂ ತೀರ್ಥ ಕೊಡುತ್ತಿದ್ದಳು. ಕುಶಾಲಪ್ಪನ ತಾಯಿಯ ಬಾಯಿಗೆ ಕೊನೆಗೆ ಬಿದ್ದದ್ದು ಅವಳು ತಂದ ತೀರ್ಥವೇ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವಳಿಗೆ ಅಂಗಳ ದಾಟುವುದೂ ಕಷ್ಟವಾಯಿತು. "ಹೋಗೋಕಾಗಲ್ಲ, ಬಿಡಿ. ಕಾವೇರಮ್ಮ ಉಕ್ಕಿ ಬರೋದು ಇನ್ನೊಂದ್ಸಲ ಕಣ್ಣಲ್ಲಿ ನೋಡಿದ್ರೆ ಸಾಕಾಗಿತ್ತು," ಎಂದಿದ್ದಳು.

ಆದರೆ ಎರಡು ಸಂಕ್ರಮಣ ಕಳೆದರೂ ಅವಳು ನೋಡಲಿಲ್ಲ. ಬೇರೆ ದಿನ ಸರಾಗವಾಗಿ ಬರುತ್ತಿದ್ದ ಚಿತ್ರ ತೀರ್ಥ ಉಕ್ಕುವ ಹೊತ್ತಿಗೇ ಸರಿಯಾಗಿ ನಿಂತುಬಿಡುತ್ತಿತ್ತು. ಕುಶಾಲಪ್ಪ ಡಬ್ಬಿ ಬದಲಿಸಿದ, ಚಿತ್ರಾಳ ತಲೆ ತಿಂದ. ಏನೂ ಪ್ರಯೋಜನವಾಗಲಿಲ್ಲ.

ಕಾರಣ ಅವನ ಮನೆಯಲ್ಲೇ ಇತ್ತು. ಎರಡನೆಯ ಸಲ, ತೀರ್ಥ ಉಕ್ಕಿದ್ದೇ ತಡ, ಪ್ರೇಮಾವತಿ ಫೋನು ಆಫ್ ಮಾಡಿ ಜಾಗಟೆ ಬಡಿದು ಕೈ ಮುಗಿದು ನಿಂತಳು. ಯಾಕೆ ಆಫ್ ಮಾಡಿದೆ ಎಂದು ಕೇಳಿದರೆ, "ದೇವ್ರು ಬಂದ ಮೇಲೆ ಇನ್ನೆಂತ ನೋಡ್ಲಿಕ್ಕೆ ಉಂಟು? ಪೋನು ಬಡ್ಕಂಡಿದ್ರೆ ಮನಸ್ ನಿಲ್ತದೆನಾ?" ಎಂದಳು. ಕುಶಾಲಪ್ಪ ಮನೆಮನೆಗೆ ಹೋಗಿ ವಿಚಾರಿಸಿದ. ಎಲ್ಲರದೂ ಇದೇ ಭಕ್ತಿ. ಮೇಲಿನವರು ದರ್ಶನವಾಯಿತೆಂದು ಫೋನು ಆರಿಸಿದಾಗ ಕೆಳಗಿನವರಿಗೆ ತೀರ್ಥ ಇನ್ನೂ ಬಂದೇ ಇರುತ್ತಿರಲಿಲ್ಲ. ನಡುವಿನ ಮನೆಗಳಲ್ಲೂ ನಿಂತುಹೋಗುತ್ತಿತ್ತಂತೆ. ಜಾಗಟೆಯ ಸದ್ದು ಕೇಳಿದರೆ ಅಷ್ಟೇ ಸಾಕೆಂದು ಅವರು ಅಲ್ಲಿಂದಲೇ ಕೈ ಮುಗಿಯುತ್ತಿದ್ದರು. ಅವನಿಗೆ ಸಿಟ್ಟು ಬಂತು. ಯಾರ ಮೇಲೆ ತೋರಿಸುವುದೆಂದು ಮಾತ್ರ ತಿಳಿಯಲಿಲ್ಲ.

ಈ ವರ್ಷ ಸಂಕ್ರಮಣಕ್ಕೆ ಮುಂಚೆ ಅವನು ಪ್ರತಿ ಮನೆಗೂ ಹೋಗಿ, ಫೋನನ್ನು ದೀಪದ ಪಕ್ಕ ಹಾಗೇ ಇಟ್ಟಿರಿ, ಸೋಮಿಗೆ ತಲುಪುವವರೆಗೆ ಮುಟ್ಟಬೇಡಿ ಎಂದು ಬೇಡಿಕೊಂಡ. ಸೋಮಿಯ ಹೆಸರು ಕೇಳಿದ ಮೇಲೆ ಯಾರೂ ಎದುರಾಡಲಿಲ್ಲ. ಪ್ರೇಮಾವತಿ ಮಾತ್ರ ಮುಖ ಊದಿಸಿಕೊಂಡೇ ಒಪ್ಪಿದಳು. ಮಧ್ಯಾಹ್ನದ ಹೊತ್ತಿಗೆ ಅವನು ಸೋಮಿಯ ಮನೆಗೆ ಇಳಿದುಹೋಗಿ, ಅವಳ ಪಕ್ಕ ಚಾಪೆಯ ಮೇಲೆ ಕೂತ.

ಮಂಜು ಗದ್ದೆಯ ಮೇಲೆ ಮಲಗಿತ್ತು. ಫೋನಿನಲ್ಲಿ ಜನವೋ ಜನ, ನಡುವೆ ಕದಲದ ನೀರು. ಅಷ್ಟರಲ್ಲಿ ಗುಡ್ಡದ ನೆತ್ತಿಯಿಂದ ಜಾಗಟೆ ಕೇಳಿಸಿತು. ಅದು ಪ್ರೇಮಾವತಿಯದು. ಸ್ವಲ್ಪ ಹೊತ್ತಿಗೆ ಅದರ ಕೆಳಗಿನ ಮನೆಯಿಂದ ಇನ್ನೊಂದು. ಆಮೇಲೆ ಇನ್ನೂ ಹತ್ತಿರ ಮತ್ತೊಂದು. ತೀರ್ಥ ಮನೆಯಿಂದ ಮನೆಗೆ ಇಳಿದು ಬರುತ್ತಿತ್ತು. ಕುಶಾಲಪ್ಪ ಕಣ್ಣು ಮುಚ್ಚಿ ಅದು ಕಾಫಿ ಗಿಡಗಳ ಬುಡ ಸವರಿಕೊಂಡು ಬರುವುದನ್ನೇ ನೋಡುತ್ತಿದ್ದ. ಕೊನೆಗೆ ಸೋಮಿಯ ಮನೆಗೆ ತಾಗಿದಂತೆ ಮೇಲಿದ್ದ, ನೆರೆಯವಳು ದೊಡ್ಡಿಯ ಮನೆಯ ಜಾಗಟೆ ಮೊಳಗಿತು.

ಚಿತ್ರ ನಿಂತಿತು.

ಸೋಮಿ ಅವನ ಮುಖ ನೋಡಿದಳು. ಮೇಲಿನ ಮನೆಗೆ ಓಡಬೇಕೆಂದು ಅವನು ಏಳುವಷ್ಟರಲ್ಲಿ ಅಲ್ಲಿಂದಲೇ ದೊಡ್ಡಿಯ ದನಿ ಕೇಳಿಸಿತು. "ಅಯ್ಯೋ ಸೋಮಕ್ಕ, ಕೈ ಸುಮ್ನಿರ್ಲಿಲ್ಲ, ಆರಿಸಿಬಿಟ್ಟೆ. ಇಗಾ ಹಾಕ್ದೆ, ನೋಡು."

ದೊಡ್ಡಿಯ ಫೋನಿನಲ್ಲಿ ಉಳಿದಿದ್ದ ತುಂಡುಗಳು ಕೂಡಿಕೊಂಡು ಚಿತ್ರ ಕದಲಿತು. ಕುಂಡಿಕೆಯಲ್ಲಿ ಒಂದು ಗುಳ್ಳೆ ಎದ್ದಿತು, ಆಮೇಲೆ ಹಲವು, ಆಮೇಲೆ ನೀರು ಉಕ್ಕಿ ಬಂತು. ಸೋಮಿಯ ಕಣ್ಣಿಂದ ನೀರಿಳಿಯಿತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಫೋನನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದಳು.

"ನೋಡಿ ಆಯ್ತಲ್ಲ ಸೋಮಿ, ಕೆಳಗಿಟ್ಟು ಕೈ ಮುಗಿ," ಎಂದ ಕುಶಾಲಪ್ಪ.

"ಇಟ್ಟರೆ ಕೈ ತಾಗಿ ಆರಿಹೋದ್ರೆ ಅಣ್ಣ?" ಎಂದಳು ಅವಳು. "ನಮ್ಮಿಂದ ಕೆಳಗೆ ಇನ್ಯಾರಾದ್ರೂ ಕಾಯ್ತಾ ಇರ್ತಾರಲ್ಲ."

ಅವಳ ಮನೆಯಿಂದ ಕೆಳಗೆ ಗದ್ದೆಯಿತ್ತು, ಗದ್ದೆಯಾಚೆ ತೋಡಿನ ನೀರು ಹರಿಯುತ್ತಿತ್ತು, ಅದರಾಚೆ ಕಾಡು. ಇನ್ನೊಂದು ಮನೆ ಇರಲಿಲ್ಲ. ಕುಶಾಲಪ್ಪ ಹತ್ತಿರ ಸರಿದ. "ಹೌದು, ಇನ್ನೂ ಸ್ವಲ್ಪ ಹಿಡ್ಕೊಂಡಿರು," ಎಂದು ಅವಳ ಕೈಯಡಿಗೆ ತನ್ನ ಕೈಯನ್ನೂ ಕೊಟ್ಟು ಕೂತ.